ಎಂ.ಎಸ್. ಕಾಯಿಲೆಯಲ್ಲಿ ಬುದ್ಧಿಯ ಅಳತೆ: ನೂರೈವತ್ತು ವರ್ಷಗಳ ಹಾದಿ

ಮಲ್ಟಿಪಲ್ ಸ್ಕ್ಲೆರೋಸಿಸ್, ವೈದ್ಯರ ಬಾಯಲ್ಲಿ ಚಿಕ್ಕದಾಗಿ ಎಂ.ಎಸ್., ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಮಿದುಳು ಮತ್ತು ಬೆನ್ನುಹುರಿಯ ಮೇಲೆ ತಿರುಗಿಬೀಳುವ ಕಾಯಿಲೆ. ನರತಂತುಗಳನ್ನು ಸುತ್ತಿರುವ ಮೈಲಿನ್ ಎಂಬ ಕೊಬ್ಬಿನ ಪದರ ಅಲ್ಲಲ್ಲಿ ನಾಶವಾಗಿ ಗಟ್ಟಿ ಕಲೆಗಳು ಉಳಿಯುತ್ತವೆ. ಹೊದಿಕೆ ಸುಲಿದ ವಿದ್ಯುತ್ ತಂತಿಯಲ್ಲಾಗುವಂತೆ ಆ ನರದಲ್ಲಿ ಸಾಗುವ ಸಂದೇಶ ಸೊರಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಈ ಕಾಯಿಲೆ ಎಂದಕೂಡಲೇ ಮಂಜಾದ ಕಣ್ಣು, ಮರಗಟ್ಟಿದ ಕೈಕಾಲು, ತಡವರಿಸುವ ನಡಿಗೆ ನೆನಪಾಗುತ್ತವೆ. ಹೊರಗೆ ಕಾಣದ ಇನ್ನೊಂದು ತೊಂದರೆಯೂ ಇದೆ. ಕೇಳಿದ್ದು ತಲೆಗೆ ಹತ್ತುವುದು ತಡವಾಗುತ್ತದೆ, ಹೊಸದನ್ನು ಕಲಿಯಲು ಹೆಚ್ಚು ಶ್ರಮ ಬೇಕಾಗುತ್ತದೆ, ಏಕಕಾಲಕ್ಕೆ ಎರಡು ಕೆಲಸ ನಿಭಾಯಿಸುವುದು ಕಷ್ಟವಾಗುತ್ತದೆ. ವೈದ್ಯಶಾಸ್ತ್ರ ಈ ತೊಂದರೆಯನ್ನು ಬಲು ಬೇಗ ಕಂಡಿತು. ಕಂಡದ್ದನ್ನು ಸುಮಾರು ನೂರು ವರ್ಷ ಮರೆಯಿತು. ಮತ್ತೆ ಕಾಣಬೇಕಾದರೆ ಹೊಸ ಅಳತೆಗೋಲುಗಳೇ ಬೇಕಾದವು.

ಕಾಯಿಲೆಯ ಸ್ಪಷ್ಟ ಚಿತ್ರ ಕೊಟ್ಟವರು ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ಟಿನ್ ಶಾರ್ಕೊ. ದಿಕ್ಕಿಲ್ಲದ, ದೀರ್ಘ ಕಾಯಿಲೆಯ ಸಾವಿರಾರು ಹೆಂಗಸರು ವರ್ಷಗಟ್ಟಲೆ ಉಳಿದುಕೊಂಡಿದ್ದ ಆ ಆಸ್ಪತ್ರೆಯಲ್ಲಿ ಒಬ್ಬಳೇ ರೋಗಿಯನ್ನು ಬದುಕಿನುದ್ದಕ್ಕೂ ಗಮನಿಸಿ, ಸತ್ತ ಮೇಲೆ ಮಿದುಳನ್ನು ಸೀಳಿ ನೋಡಲು ಅವಕಾಶವಿತ್ತು. 1868ರ ಉಪನ್ಯಾಸಗಳಲ್ಲಿ ಶಾರ್ಕೊ ಕಣ್ಣುಗುಡ್ಡೆಯ ಅದುರಾಟ, ವಸ್ತುವಿನತ್ತ ಕೈಚಾಚಿದಾಗ ಬರುವ ನಡುಕ, ತುಂಡುತುಂಡಾದ ಮಾತು ಎಂಬ ಮೂರು ಲಕ್ಷಣಗಳನ್ನು ಒಟ್ಟುಗೂಡಿಸಿದರು. ಈ ಮೂರು ಇಂದಿಗೂ ಅವರ ಹೆಸರಿನಲ್ಲೇ ಇವೆ. ಅದೇ ಉಪನ್ಯಾಸಗಳಲ್ಲಿ, ಇಂಥ ರೋಗಿಗಳ ನೆನಪು ಎದ್ದುಕಾಣುವಷ್ಟು ಕುಂದುತ್ತದೆ, ಯೋಚನೆಗಳು ನಿಧಾನವಾಗಿ ಮೂಡುತ್ತವೆ, ಬುದ್ಧಿಯೂ ಭಾವನೆಯೂ ಮೊಂಡಾಗುತ್ತವೆ ಎಂದೂ ಅವರು ಹೇಳಿದ್ದರು. ಜರ್ಮನಿಯ ಫ್ರೀಡ್ರಿಕ್ ಫಾನ್ ಫ್ರೆರಿಕ್ಸ್ 1849ರಲ್ಲೇ ಮನಸ್ಸಿನ ತೊಂದರೆಗಳನ್ನು ಈ ಕಾಯಿಲೆಯ ಲೆಕ್ಕಕ್ಕೆ ಸೇರಿಸಿದ್ದರು. ಶಾರ್ಕೊ ಹೇಳಿದ ನಿಧಾನವೇ ಇಂದಿನ ಪರೀಕ್ಷೆಗಳು ಎಲ್ಲಕ್ಕಿಂತ ಮೊದಲು ಅಳೆಯುವ ಗುಣ. ಆದರೆ ಅವರ ಬಳಿ ಇದ್ದದ್ದು ಕಣ್ಣು, ಕಿವಿ ಮಾತ್ರ. ಎಷ್ಟು ನಿಧಾನ, ಯಾರಿಗಿಂತ ನಿಧಾನ ಎಂದು ಕೇಳುವ ಸಾಧನ ಆಗ ಇರಲಿಲ್ಲ.

ಶಿಷ್ಯಪರಂಪರೆ ಮೂರು ಲಕ್ಷಣಗಳನ್ನು ಬಾಯಿಪಾಠ ಮಾಡಿತು, ಬುದ್ಧಿಯ ಮಾತನ್ನು ಕೈಬಿಟ್ಟಿತು. 1926ರಲ್ಲಿ ಲಂಡನ್ನಿನ ಕಾಟ್ರೆಲ್ ಮತ್ತು ಕಿನ್ನಿಯರ್ ವಿಲ್ಸನ್ ನೂರು ರೋಗಿಗಳನ್ನು ಕೂರಿಸಿ ಮಾತಾಡಿಸಿದ ವರದಿ ಪ್ರಕಟಿಸಿದರು. ಯಕೃತ್ತು ಮತ್ತು ಮಿದುಳಿನಲ್ಲಿ ತಾಮ್ರ ಶೇಖರವಾಗುವ ಕಾಯಿಲೆಗೆ ಹೆಸರು ಕೊಟ್ಟ ವಿಲ್ಸನ್ ಇವರೇ. ಇವರ ಗಮನವೆಲ್ಲ ಭಾವನೆಗಳ ಮೇಲಿತ್ತು. ಕಾಯಿಲೆಯ ತೀವ್ರತೆಗೆ ಹೊಂದದ ಸಂತೋಷ, ತಾನು ಚೆನ್ನಾಗಿದ್ದೇನೆ ಎಂಬ ಹುಸಿ ನೆಮ್ಮದಿ, ತಡೆಯಲಾಗದ ನಗು, ಅಳು ಬಹುಪಾಲು ರೋಗಿಗಳಲ್ಲಿ ಕಂಡವು. ಬುದ್ಧಿಯ ಕುಂದು ಕಂಡದ್ದು ನೂರಕ್ಕೆ ಇಬ್ಬರಲ್ಲಿ ಮಾತ್ರ. ಮೂರು ವರ್ಷಗಳ ನಂತರ, 1929ರಲ್ಲಿ, ಫ್ರಾನ್ಸಿನ ಆಂದ್ರೆ ಓಂಬ್ರೆದಾನ್ ತಮ್ಮ ಪ್ರಬಂಧಕ್ಕಾಗಿ ರೋಗಿಗಳಿಗೆ ಮಾನಸಿಕ ಪರೀಕ್ಷೆಗಳನ್ನು ಕೊಟ್ಟು ನೋಡಿದರು. ಅವರಿಗೆ ಕುಂದು ಕಂಡದ್ದು ಸುಮಾರು ಶೇ. 72 ಮಂದಿಯಲ್ಲಿ. ಕಾಯಿಲೆ ಒಂದೇ, ಕಾಲವೂ ಒಂದೇ; ಒಂದು ಕಡೆ ಶೇ. 2, ಇನ್ನೊಂದು ಕಡೆ ಶೇ. 72. ಒಬ್ಬರು ಮಾತಾಡಿಸಿದರು, ಇನ್ನೊಬ್ಬರು ಪರೀಕ್ಷಿಸಿದರು ಎಂಬುದನ್ನು ಬಿಟ್ಟರೆ ಇಷ್ಟು ದೊಡ್ಡ ಅಂತರಕ್ಕೆ ಬೇರೆ ಕಾರಣ ಹುಡುಕುವುದು ಕಷ್ಟ. ಎಂ.ಎಸ್. ರೋಗಿಯ ಭಾಷೆ, ಸಾಮಾನ್ಯಜ್ಞಾನ, ಲೋಕರೂಢಿಯ ನಡವಳಿಕೆ ಬಹುಕಾಲ ಚೆನ್ನಾಗಿಯೇ ಇರುತ್ತವೆ. ಹತ್ತು ನಿಮಿಷದ ಮಾತುಕತೆಯಲ್ಲಿ ಅವರು ಸೋಲುವುದಿಲ್ಲ. ಇಂಗ್ಲಿಷ್ ಬಲ್ಲ ವೈದ್ಯಲೋಕ ಓದಿದ್ದು ಮಾತ್ರ ವಿಲ್ಸನ್ ಅವರನ್ನು. ಎಂ.ಎಸ್. ಬುದ್ಧಿಯನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ ಪಠ್ಯಪುಸ್ತಕಗಳಲ್ಲಿ ದಶಕಗಟ್ಟಲೆ ಬೇರುಬಿಟ್ಟಿತು.

ಎಂ.ಎಸ್. ರೋಗನಿರೋಧಕ ವ್ಯವಸ್ಥೆಯ ಕಾಯಿಲೆ ಎಂಬ ಸುಳಿವು ಸಿಕ್ಕಿದ್ದು ಆ ಹೊತ್ತಿಗೇ. 1933ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಕೋತಿಗಳಿಗೆ ಮಿದುಳಿನ ಸಾರವನ್ನು ಮತ್ತೆ ಮತ್ತೆ ಚುಚ್ಚಿ ಎಂ.ಎಸ್. ಅನ್ನು ಹೋಲುವ ಉರಿಯೂತ ತರಿಸಿದ್ದರು. ಆದರೆ ಕಾರಣದ ಹುಡುಕಾಟ ಒಂದು ದಾರಿ ಹಿಡಿದರೆ ಬುದ್ಧಿಯ ಪ್ರಶ್ನೆ ಬೇರೆ ದಾರಿಯಲ್ಲಿ, ಅದೂ ಸೇನೆಯ ಕಡತಗಳ ಮೂಲಕ, ಮುಂದೆ ಸಾಗಿತು. ಎರಡನೇ ಮಹಾಯುದ್ಧಕ್ಕೆ ಸೇರಿದ ಅಮೆರಿಕದ ಸೈನಿಕರಲ್ಲಿ ಬಹುಪಾಲು ಮಂದಿ ಭರ್ತಿಯಾಗುವಾಗ ಒಂದು ಸಾಮಾನ್ಯ ಬುದ್ಧಿಪರೀಕ್ಷೆ ಬರೆದಿದ್ದರು. ಅವರಲ್ಲಿ ಕೆಲವರಿಗೆ ಮುಂದೆ ಎಂ.ಎಸ್. ಬಂತು. 1951ರಲ್ಲಿ ಕ್ಯಾಂಟರ್ ಎಂಬ ಮನೋವಿಜ್ಞಾನಿ ಅಂಥವರಿಗೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಕೊಟ್ಟು, ಕಾಯಿಲೆಗೆ ಮುಂಚಿನ ಅಂಕಗಳ ಜೊತೆ ಹೋಲಿಸಿದರು. ಅಂಕಗಳು ಸ್ಪಷ್ಟವಾಗಿ ಇಳಿದಿದ್ದವು. ಕಾಯಿಲೆಗೆ ಮುಂಚೆ ಈ ವ್ಯಕ್ತಿ ಹೇಗಿದ್ದ ಎಂಬುದು ಇಂಥ ಅಧ್ಯಯನಗಳ ಮುಖ್ಯ ತೊಡಕು. ಯುದ್ಧ ಆ ತೊಡಕನ್ನು ಆಕಸ್ಮಿಕವಾಗಿ ಬಿಡಿಸಿಕೊಟ್ಟಿತ್ತು. ಇಷ್ಟು ಅಚ್ಚುಕಟ್ಟಾದ ಸಾಕ್ಷ್ಯವನ್ನು ಆ ಕಾಲದ ನರವೈದ್ಯರು ಹೆಚ್ಚೇನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವರ ಕೈಯಲ್ಲಿ ಬೇರೊಂದು ಅಳತೆಗೋಲು ಇತ್ತು. ಐಸೋನಿಯಾಜಿಡ್ ಎಂಬ ಕ್ಷಯದ ಔಷಧ ಎಂ.ಎಸ್. ರೋಗಕ್ಕೂ ಆದೀತೇ ಎಂದು ನೋಡುವ ಸಂದರ್ಭದಲ್ಲಿ ಅಮೆರಿಕದ ಜಾನ್ ಕುರ್ಟ್‌ಸ್ಕಿ 1955ರಲ್ಲಿ ಅಂಗವೈಕಲ್ಯದ ಒಂದು ಶ್ರೇಣಿಯನ್ನು ಕಟ್ಟಿದರು. ಔಷಧ ಫಲ ಕೊಡಲಿಲ್ಲ, ಶ್ರೇಣಿ ಉಳಿಯಿತು. 1983ರಲ್ಲಿ ಅದನ್ನು ವಿಸ್ತರಿಸಿದ ರೂಪವೇ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಇ.ಡಿ.ಎಸ್.ಎಸ್. ಸೊನ್ನೆ ಎಂದರೆ ಸಹಜ, ಹತ್ತು ಎಂದರೆ ಸಾವು. ನಾಲ್ಕರಿಂದ ಮೇಲೆ ಅಂಕವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನಡಿಗೆ: ಆಸರೆಯಿಲ್ಲದೆ ಎಷ್ಟು ದೂರ, ಕೋಲು ಬೇಕೇ, ಗಾಲಿಕುರ್ಚಿ ಬೇಕೇ. ಮಿದುಳಿನ ಉನ್ನತ ಕಾರ್ಯಗಳಿಗೂ ಅದರಲ್ಲಿ ಒಂದು ಕೋಣೆಯಿದೆ. ಆದರೆ ಆ ಕೋಣೆಯನ್ನು ವೈದ್ಯರು ಅಂದಾಜಿನ ಮೇಲೆ ತುಂಬುತ್ತಿದ್ದರು, ಅಂತಿಮ ಅಂಕಕ್ಕೆ ಅದರಿಂದ ಬರುವ ತೂಕವೂ ಕಡಿಮೆ. ನೆಟ್ಟಗೆ ನಡೆದು ಬಂದು, ಕಚೇರಿಯ ಕೆಲಸ ತೂಗಿಸಲಾಗದೆ ಕೈಚೆಲ್ಲಿದ ರೋಗಿ ಈ ಶ್ರೇಣಿಯಲ್ಲಿ ಹೆಚ್ಚುಕಡಿಮೆ ಆರೋಗ್ಯವಂತ.

ಆ ಅಂದಾಜು ಎಷ್ಟು ಸರಿ ಎಂಬುದನ್ನು 1980ರಲ್ಲಿ ಪೇಸರ್ ಮತ್ತು ಸಹೋದ್ಯೋಗಿಗಳು ಪರೀಕ್ಷೆಗೆ ಒಡ್ಡಿದರು. ನರವೈದ್ಯರು ಬುದ್ಧಿಯಲ್ಲಿ ಯಾವ ಲೋಪವೂ ಇಲ್ಲ ಎಂದು ಬರೆದಿದ್ದ ರೋಗಿಗಳಿಗೆ ಕ್ರಮಬದ್ಧ ಪರೀಕ್ಷೆ ಕೊಟ್ಟಾಗ ಸುಮಾರು ಅರ್ಧದಷ್ಟು ಮಂದಿ ಕುಂದು ತೋರಿಸಿದರು. 1975ರಲ್ಲಿ ಫೋಲ್‌ಸ್ಟೈನ್ ದಂಪತಿ ಮತ್ತು ಮೆಕ್‌ಹ್ಯೂ ರೂಪಿಸಿದ ಮೂವತ್ತು ಅಂಕಗಳ ಮಿನಿ ಮೆಂಟಲ್ ಪರೀಕ್ಷೆ ಆಗ ಆಸ್ಪತ್ರೆಗಳಲ್ಲಿ ಹರಡುತ್ತಿತ್ತು. ಅದೂ ಇಲ್ಲಿ ನೆರವಿಗೆ ಬರಲಿಲ್ಲ. ಇಂದು ಯಾವ ದಿನ, ಇದು ಯಾವ ಊರು, ಈ ವಸ್ತುವಿನ ಹೆಸರೇನು ಎಂಬಂಥ ಪ್ರಶ್ನೆಗಳು ಮಿದುಳಿನ ಹೊರಪದರ ಸವೆಯುವ ಆಲ್ಜೈಮರ್ ಬಗೆಯ ಮರೆವನ್ನು ಹಿಡಿಯುತ್ತವೆ. ಎಂ.ಎಸ್. ಹೆಚ್ಚಾಗಿ ಕೆಡಿಸುವುದು ಮಿದುಳಿನ ಭಾಗಗಳನ್ನು ಬೆಸೆಯುವ ಬಿಳಿ ನಾರುಗಳನ್ನು. ಉತ್ತರ ಗೊತ್ತಿರುತ್ತದೆ, ಬರುವುದು ತಡವಾಗುತ್ತದೆ. ಗಡಿಯಾರ ಇಲ್ಲದ ಪರೀಕ್ಷೆಗೆ ಆ ತಡ ಕಾಣುವುದಿಲ್ಲ.

ಗಡಿಯಾರ ಇಟ್ಟುಕೊಂಡ ಪರೀಕ್ಷೆಗಳು ಬೇರೆ ಕಾರಣಗಳಿಗಾಗಿ ಹುಟ್ಟಿ ಎಂ.ಎಸ್. ಕಡೆಗೆ ಬಂದವು. ಅವುಗಳಲ್ಲಿ ಮುಖ್ಯವಾದದ್ದರ ವಂಶಾವಳಿ 1917ಕ್ಕೆ ಹೋಗುತ್ತದೆ. ಮೊದಲ ಮಹಾಯುದ್ಧಕ್ಕೆ ಭರ್ತಿಯಾಗಲು ಬಂದವರಲ್ಲಿ ಓದುಬರಹ ಬಾರದವರು, ಇಂಗ್ಲಿಷ್ ತಿಳಿಯದ ವಲಸಿಗರು ಬಹಳ ಇದ್ದರು. ಅವರಿಗಾಗಿ ರಾಬರ್ಟ್ ಯರ್ಕ್ಸ್ ನೇತೃತ್ವದಲ್ಲಿ ತಯಾರಾದ ಆರ್ಮಿ ಬೀಟಾ ಪರೀಕ್ಷೆಯಲ್ಲಿ ಒಂದೊಂದು ಅಂಕಿಗೆ ಒಂದೊಂದು ಚಿಹ್ನೆಯನ್ನು ಜೋಡಿಸಿ ಬರೆಯುವ ಭಾಗವಿತ್ತು. ಡೇವಿಡ್ ವೆಕ್ಸ್‌ಲರ್ 1939ರಲ್ಲಿ ತಮ್ಮ ಬುದ್ಧಿಮಾಪಕಕ್ಕೆ ಅದನ್ನೇ ತೆಗೆದುಕೊಂಡರು. ವೆಕ್ಸ್‌ಲರ್ ಪರೀಕ್ಷೆಯಲ್ಲಿ ಅಂಕಿ ನೋಡಿ ಚಿಹ್ನೆ ಬಿಡಿಸಬೇಕು. ಕೈ ನಡುಗುವವರಿಗೆ ಅದು ಬುದ್ಧಿಯ ಪರೀಕ್ಷೆಯಾಗದೆ ಕೈಯ ಪರೀಕ್ಷೆಯಾಗಿಬಿಡುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಆರನ್ ಸ್ಮಿತ್ ಇದನ್ನು ತಿರುವುಮುರುವು ಮಾಡಿದರು. ಹಾಳೆಯ ಮೇಲ್ಭಾಗದಲ್ಲಿ ಒಂಬತ್ತು ಚಿಹ್ನೆಗಳಿಗೆ ಒಂದರಿಂದ ಒಂಬತ್ತರವರೆಗಿನ ಅಂಕಿಗಳ ಜೋಡಿ ಕೊಟ್ಟಿರುತ್ತದೆ. ಕೆಳಗೆ ಸಾಲುಸಾಲಾಗಿ ಚಿಹ್ನೆಗಳು ಮಾತ್ರ. ನೋಡಿ ಅಂಕಿ ಹೇಳಬೇಕು. ಸಮಯ 90 ಸೆಕೆಂಡು. ಉತ್ತರ ಅಂಕಿಯಾದ್ದರಿಂದ ಬಾಯಲ್ಲಿ ಹೇಳಿದರೂ ನಡೆಯುತ್ತದೆ. 1973ರಲ್ಲಿ ಪ್ರಕಟವಾದ ಈ ಎಸ್.ಡಿ.ಎಂ.ಟಿ. ಪರೀಕ್ಷೆಯನ್ನು ಸ್ಮಿತ್ ಎಂ.ಎಸ್. ರೋಗಿಗಳಿಗೆಂದು ಮಾಡಿದ್ದಲ್ಲ. ಆದರೂ ಈ ಕಾಯಿಲೆಗೆ ಅದಕ್ಕಿಂತ ಹೊಂದುವ ಇನ್ನೊಂದು ಸಾಧನ ಈವರೆಗೆ ಬಂದಿಲ್ಲ.

ಎರಡನೆಯದು ನ್ಯೂಜಿಲೆಂಡಿನಿಂದ ಬಂತು. ಆಕ್ಲೆಂಡಿನ ಡೊರೊತಿ ಗ್ರಾನ್‌ವಾಲ್ ತಲೆಗೆ ಪೆಟ್ಟು ಬಿದ್ದವರು ಯಾವಾಗ ಕೆಲಸಕ್ಕೆ ಮರಳಬಹುದು ಎಂದು ನಿರ್ಧರಿಸಲು 1970ರ ದಶಕದಲ್ಲಿ ಒಂದು ಪರೀಕ್ಷೆ ರೂಪಿಸಿದ್ದರು. ಧ್ವನಿಮುದ್ರಿಕೆಯಲ್ಲಿ ನಿಗದಿತ ಅಂತರಕ್ಕೊಂದು ಅಂಕಿ ಕೇಳಿಸುತ್ತದೆ. ಪ್ರತಿ ಅಂಕಿಯನ್ನೂ ಅದರ ಹಿಂದಿನ ಅಂಕಿಗೆ ಕೂಡಿಸಿ ಹೇಳಬೇಕು. ಮೂರು, ಐದು ಎಂದರೆ ಎಂಟು. ಆಮೇಲೆ ಎರಡು ಬಂದರೆ ಹತ್ತಲ್ಲ, ಏಳು. ತಾನು ಈಗಷ್ಟೇ ಹೇಳಿದ ಮೊತ್ತವನ್ನು ಮರೆತು, ಕೇಳಿದ ಅಂಕಿಯನ್ನು ಹಿಡಿದಿಟ್ಟುಕೊಳ್ಳುವುದೇ ಇದರ ಕಷ್ಟ. ಪೇಸಾಟ್ ಎಂಬ ಈ ಪರೀಕ್ಷೆ ಆರೋಗ್ಯವಂತರಿಗೂ ಬೆವರಿಳಿಸುತ್ತದೆ.

ಈ ಬಿಡಿ ಸಾಧನಗಳನ್ನು ಒಂದು ಕಟ್ಟು ಮಾಡಿದವರು ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನ ಸ್ಟೀಫನ್ ರಾವ್. 1990ರ ಹೊತ್ತಿಗೆ ಅವರು ಸಿದ್ಧಪಡಿಸಿದ ಚಿಕ್ಕ ಪರೀಕ್ಷಾಮಾಲೆಯಲ್ಲಿ ಐದು ಪರೀಕ್ಷೆಗಳಿದ್ದವು: ಪದಗಳ ನೆನಪು, ಚೌಕಳಿಯ ಮೇಲೆ ಬಿಲ್ಲೆಗಳ ಸ್ಥಾನದ ನೆನಪು, ಎಸ್.ಡಿ.ಎಂ.ಟಿ., ಪೇಸಾಟ್, ಮತ್ತು ನಿಗದಿತ ಸಮಯದಲ್ಲಿ ಸಾಧ್ಯವಾದಷ್ಟು ಪದಗಳನ್ನು ಹೇಳುವುದು. ಮರುಪರೀಕ್ಷೆಗೆ ಬೇರೆ ಪ್ರಶ್ನೆಗಳ ಸಮಾನ ಆವೃತ್ತಿಗಳೂ ಇದ್ದವು. ಇದಕ್ಕಿಂತ ಮುಖ್ಯವಾದದ್ದು 1991ರಲ್ಲಿ ಪ್ರಕಟವಾದ ಅವರ ಅಧ್ಯಯನ. ಹಿಂದಿನವರು ಆಸ್ಪತ್ರೆಗೆ ಬಂದವರನ್ನೇ ಪರೀಕ್ಷಿಸುತ್ತಿದ್ದರು. ಕಾಯಿಲೆ ಬಲಿತವರೇ ಅಲ್ಲಿಗೆ ಹೆಚ್ಚಾಗಿ ಬರುವುದರಿಂದ ಲೆಕ್ಕ ಉಬ್ಬುತ್ತದೆ ಎಂಬ ಆಕ್ಷೇಪವಿತ್ತು. ರಾವ್ ಸಮುದಾಯದಲ್ಲಿ ತಮ್ಮ ಪಾಡಿಗೆ ಬದುಕುತ್ತಿದ್ದ ನೂರು ಎಂ.ಎಸ್. ರೋಗಿಗಳನ್ನು, ಅವರಿಗೆ ವಯಸ್ಸು, ಶಿಕ್ಷಣಗಳಲ್ಲಿ ಸರಿಸಮಾನರಾದ ನೂರು ಆರೋಗ್ಯವಂತರನ್ನು ಆರಿಸಿ ದೀರ್ಘ ಪರೀಕ್ಷೆ ಕೊಟ್ಟರು. ಕುಂದು ಕಂಡದ್ದು ರೋಗಿಗಳಲ್ಲಿ 48 ಮಂದಿಯಲ್ಲಿ, ಆರೋಗ್ಯವಂತರಲ್ಲಿ 5 ಮಂದಿಯಲ್ಲಿ. ಎರಡರ ವ್ಯತ್ಯಾಸವಾಗಿ ಬಂದ ಶೇ. 43 ಎಂಬ ಅಂಕಿ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಓಂಬ್ರೆದಾನ್ ಅವರ ಲೆಕ್ಕಕ್ಕಿಂತ ಇದು ಕಡಿಮೆ, ವಿಲ್ಸನ್ ಅವರ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಅದೇ ಅಧ್ಯಯನದ ಇನ್ನೆರಡು ಫಲಿತಾಂಶಗಳು ಈ ಅಂಕಿಗಿಂತ ದೊಡ್ಡವು. ಬುದ್ಧಿಯ ಕುಂದಿಗೂ ಕಾಲಿನ ಬಲಹೀನತೆಗೂ ಇದ್ದ ನಂಟು ತೀರಾ ಸಡಿಲ. ಕಾಯಿಲೆ ಬಂದು ಎಷ್ಟು ವರ್ಷವಾಯಿತು ಎಂಬುದರಿಂದಲೂ ಕುಂದನ್ನು ಊಹಿಸಲಾಗಲಿಲ್ಲ. ನಡಿಗೆ ನೋಡಿ ತಲೆಯನ್ನು ಅಂದಾಜು ಮಾಡುವ ಪದ್ಧತಿಗೆ ಬುಡವೇ ಇರಲಿಲ್ಲ. ಇನ್ನೊಂದು, ದೇಹದ ತೊಂದರೆ ಅಷ್ಟೇ ಇದ್ದರೂ ಬುದ್ಧಿಯ ಕುಂದು ಇದ್ದವರು ಕೆಲಸದಲ್ಲಿ ಉಳಿದಿದ್ದುದು ಕಡಿಮೆ, ಜನರೊಂದಿಗೆ ಬೆರೆಯುತ್ತಿದ್ದುದೂ ಕಡಿಮೆ, ದಿನದ ಮನೆಗೆಲಸಕ್ಕೆ ಇತರರ ನೆರವು ಬೇಕಾದದ್ದು ಹೆಚ್ಚು. ಸೋಮಾರಿತನ, ನಿರಾಸಕ್ತಿ ಎಂದು ಮನೆಯವರೂ ಮಾಲೀಕರೂ ದೂರುತ್ತಿದ್ದುದಕ್ಕೆ ಅಳೆಯಬಹುದಾದ ಕಾರಣ ಸಿಕ್ಕಿತು. 1981ರಲ್ಲಿ ಎಂ.ಎಸ್. ರೋಗಿಗಳ ಮೊದಲ ಎಂ.ಆರ್.ಐ. ಚಿತ್ರಗಳು ಪ್ರಕಟವಾಗಿದ್ದವು. ಕಲೆಗಳ ಒಟ್ಟು ವಿಸ್ತಾರ ಹೆಚ್ಚಿದಷ್ಟೂ ಪರೀಕ್ಷೆಯ ಅಂಕ ಇಳಿಯುತ್ತದೆ ಎಂಬುದನ್ನು ರಾವ್ ತಂಡ 1989ರಲ್ಲೇ ತೋರಿಸಿತ್ತು.

ಮರೆವಿನ ಸ್ವರೂಪವೂ ಸ್ಪಷ್ಟವಾಗುತ್ತ ಬಂತು. ನೆನಪಿನಲ್ಲಿ ಇರುವುದನ್ನು ಹೊರತೆಗೆಯಲು ರೋಗಿ ಸೋಲುತ್ತಾನೆ ಎಂಬ ವಿವರಣೆ ಬಹುಕಾಲ ಚಾಲ್ತಿಯಲ್ಲಿತ್ತು. 1994ರಲ್ಲಿ ಜಾನ್ ಡಿಲೂಕಾ ಮತ್ತು ಸಂಗಡಿಗರು, ಪಟ್ಟಿಯ ಪದಗಳೆಲ್ಲ ಪೂರ್ತಿ ಬರುವವರೆಗೂ ಎಷ್ಟು ಸಲ ಬೇಕಾದರೂ ಹೇಳಿಕೊಡುವ ಉಪಾಯ ಮಾಡಿದರು. ರೋಗಿಗಳಿಗೆ ಹೆಚ್ಚು ಸುತ್ತು ಬೇಕಾದವು. ಒಮ್ಮೆ ಕಲಿತ ಮೇಲೆ, ಅರ್ಧ ಗಂಟೆ ಬಿಟ್ಟು ಕೇಳಿದರೆ ಆರೋಗ್ಯವಂತರಷ್ಟೇ ನೆನಪಿಟ್ಟುಕೊಂಡಿದ್ದರು. ತೊಡಕು ಇದ್ದದ್ದು ಕಲಿಯುವ ಹಂತದಲ್ಲಿ. ಹಾಗಾಗಿ ಮುಂದಿನ ಪರೀಕ್ಷೆಗಳು ತಡವಾದ ನೆನಪಿಗಿಂತ ಮೊದಲ ಕೆಲವು ಸುತ್ತುಗಳ ಕಲಿಕೆಗೆ ಒತ್ತು ಕೊಟ್ಟವು.

1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಮಾರುಕಟ್ಟೆಗೆ ಬಂದಾಗ ಎಂ.ಎಸ್. ರೋಗದ ಗತಿ ಬದಲಿಸುವ ಔಷಧಗಳ ಕಾಲ ಆರಂಭವಾಯಿತು. ಔಷಧ ಫಲಿಸಿತೇ ಎಂದು ನೋಡಲು ನಡಿಗೆಯೊಂದೇ ಸಾಲದು ಎಂಬ ಒಪ್ಪಿಗೆ ಮೂಡಿ, ಅಲ್ಲಿನ ರಾಷ್ಟ್ರೀಯ ಎಂ.ಎಸ್. ಸಂಘ ನೇಮಿಸಿದ ತಂಡ ಮೂರು ಅಂಗಗಳ ಒಂದು ಮಾಪಕ ಕೊಟ್ಟಿತು: 25 ಅಡಿ ನಡಿಗೆಯ ವೇಗ, ಒಂಬತ್ತು ಕುಳಿಗಳಿಗೆ ಕಡ್ಡಿ ಸಿಕ್ಕಿಸಿ ತೆಗೆಯುವ ವೇಗ, ಮತ್ತು ಪೇಸಾಟ್. ಬುದ್ಧಿಗೆ ಮೂರರಲ್ಲಿ ಒಂದು ಪಾಲು ಸಿಕ್ಕಿತು. ಆದರೆ ಪೇಸಾಟ್ ಆಯ್ಕೆ ಅಷ್ಟು ಸರಿಬರಲಿಲ್ಲ. ಗಣಿತದ ಅಳುಕು ಇದ್ದವರು ನಡುವೆಯೇ ಬಿಟ್ಟೇಳುತ್ತಿದ್ದರು. ಎರಡನೇ ಸಲಕ್ಕೆ ಬರುವ ಹೊತ್ತಿಗೆ ಅಭ್ಯಾಸದಿಂದಲೇ ಅಂಕ ಏರುತ್ತಿತ್ತು. ಎಸ್.ಡಿ.ಎಂ.ಟಿ. ಆ ಜಾಗವನ್ನು ನಿಧಾನವಾಗಿ ಹಿಡಿಯಿತು.

ಈ ನಡುವೆ ಪರೀಕ್ಷಾಮಾಲೆ ಹಿಗ್ಗಿ ಮತ್ತೆ ಕುಗ್ಗಿತು. 2002ರಲ್ಲಿ ಬಫಲೋ ನಗರದ ರಾಲ್ಫ್ ಬೆನೆಡಿಕ್ಟ್ ಮತ್ತು ಇತರ ತಜ್ಞರು ಏಳು ಪರೀಕ್ಷೆಗಳ, ಒಂದೂವರೆ ಗಂಟೆಯ ಮಾಲೆಯೊಂದನ್ನು ಸೂಚಿಸಿದರು. ಅದು ಸಮಗ್ರ, ಆದರೆ ತರಬೇತಾದ ನರಮನೋವಿಜ್ಞಾನಿ ಇರುವ ಆಸ್ಪತ್ರೆಗಳು ಜಗತ್ತಿನಲ್ಲಿ ಎಷ್ಟಿವೆ? ಮರುವರ್ಷ ಬೆನೆಡಿಕ್ಟ್ ಅವರೇ ಹದಿನೈದು ಪ್ರಶ್ನೆಗಳ ಒಂದು ಪತ್ರಿಕೆ ತಂದರು, ರೋಗಿ ಉತ್ತರಿಸಲು ಒಂದು ಪ್ರತಿ, ಜೊತೆಯಲ್ಲಿ ಬಂದವರಿಗೆ ಒಂದು. ರೋಗಿಯ ಉತ್ತರ ಅವರ ಖಿನ್ನತೆಗೆ ಹೆಚ್ಚು ಹೊಂದಿತು. ಜೊತೆಗಿದ್ದವರ ಉತ್ತರ ಪರೀಕ್ಷೆಯ ಅಂಕಗಳಿಗೆ ಹೊಂದಿತು. ಮನಸ್ಸು ಕುಸಿದವರು ಇಲ್ಲದ ಮರೆವನ್ನೂ ದೂರುತ್ತಾರೆ. ಕುಂದು ಹೆಚ್ಚಾದವರಿಗೆ ತಮ್ಮ ಕುಂದಿನ ಅರಿವೇ ಇರದಿರಬಹುದು.

2012ರಲ್ಲಿ ಡಾನ್ ಲ್ಯಾಂಗ್ಡನ್ ಮತ್ತು ಹಲವು ದೇಶಗಳ ತಜ್ಞರು ಹದಿನೈದು ನಿಮಿಷದ ಬೈಕಾಮ್ಸ್ ಮಾಲೆಯನ್ನು ಮುಂದಿಟ್ಟರು. ಎಸ್.ಡಿ.ಎಂ.ಟಿ.ಯ 90 ಸೆಕೆಂಡು, ಹದಿನಾರು ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿಸುವುದು, ಆರು ಆಕೃತಿಗಳನ್ನು ಹತ್ತು ಸೆಕೆಂಡು ತೋರಿಸಿ ನೆನಪಿನಿಂದ ಬರೆಸುವ ಮೂರು ಸುತ್ತು. ಪೆನ್ಸಿಲು, ಹಾಳೆ, ಗಡಿಯಾರ ಇದ್ದರೆ ಸಾಕು, ದಾದಿಯರೂ ನಡೆಸಬಹುದು. ಸಮಯ ಐದೇ ನಿಮಿಷ ಇದ್ದರೆ ಎಸ್.ಡಿ.ಎಂ.ಟಿ. ಒಂದನ್ನಾದರೂ ಮಾಡಿ ಎಂಬುದು ಅವರ ಸಲಹೆ.

ಅಂಕ ಇಳಿದಿದೆ ಎಂದಮಾತ್ರಕ್ಕೆ ಮಿದುಳು ಕುಂದಿದೆ ಎನ್ನಲಾಗದು. ದೃಷ್ಟಿನರದ ಉರಿಯೂತದಿಂದ ಕಣ್ಣು ಮಂಜಾಗಿದ್ದರೆ ಚಿಹ್ನೆಗಳೇ ಕಾಣುವುದಿಲ್ಲ. ಕಾಯಿಲೆ ಮರುಕಳಿಸಿದ ದಿನಗಳಲ್ಲಿ ಅಂಕ ತಾತ್ಕಾಲಿಕವಾಗಿ ಬೀಳುತ್ತದೆ. ಎಂ.ಎಸ್. ಜೊತೆಗೇ ಬರುವ ವಿಪರೀತ ಆಯಾಸ, ಖಿನ್ನತೆ, ನಿದ್ರಾಹೀನತೆ, ಕೆಲವು ಮಾತ್ರೆಗಳು ಒಂದೊಂದೂ ವೇಗವನ್ನು ತಗ್ಗಿಸಬಲ್ಲವು, ಮತ್ತು ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ.

ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಇನ್ನೊಂದು ಕಾಯಿಲೆಯಾದ ಲೂಪಸ್‌ನಲ್ಲೂ ಬುದ್ಧಿಯ ಅಳತೆಯ ಪ್ರಶ್ನೆ ಎದ್ದಿದೆ. ಚರ್ಮ, ಕೀಲು, ಮೂತ್ರಪಿಂಡಗಳ ಆಟೋಇಮ್ಯೂನ್ ಕಾಯಿಲೆ ಎಂದೇ ಹೆಸರಾದ ಅದರಲ್ಲೂ ನರಮಂಡಲ ಕೆಡಬಹುದು. 1999ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಲೂಪಸ್ಸಿನ ನರ ಮತ್ತು ಮನಸ್ಸಿನ ತೊಂದರೆಗಳನ್ನು ಹತ್ತೊಂಬತ್ತು ವಿಧವಾಗಿ ವಿಂಗಡಿಸಿ, ಬುದ್ಧಿಯ ಕುಂದನ್ನು ಅವುಗಳಲ್ಲಿ ಒಂದಾಗಿ ಸೇರಿಸಿ, ಅದರ ತಪಾಸಣೆಗೆ ಒಂದು ಗಂಟೆಯ ಪರೀಕ್ಷಾಮಾಲೆ ಸೂಚಿಸಿತು. ಆದರೆ ಲೂಪಸ್ಸಿನಲ್ಲಿ ರಕ್ತನಾಳದ ತಡೆ, ಪ್ರತಿಕಾಯಗಳ ನೇರ ದಾಳಿ, ಸ್ಟಿರಾಯ್ಡಿನ ಪರಿಣಾಮ ಹೀಗೆ ಕಾರಣಗಳು ಹಲವಾಗಿ, ಎಂ.ಎಸ್. ರೋಗದ ಹಾಗೆ ಒಂದೇ ಗುರುತಿನ ಕುಂದು ಅಲ್ಲಿ ಸಿಗುವುದಿಲ್ಲ.

ಎಂ.ಎಸ್. ರೋಗದ ಈ ಪರೀಕ್ಷೆಗಳು ಕನ್ನಡಕ್ಕೆ ಬರುವಾಗ ಬೇರೆಯದೇ ತೊಡಕು ಎದುರಾಗುತ್ತದೆ. ಚಿಹ್ನೆ, ಆಕೃತಿಗಳಿಗೆ ಭಾಷೆಯ ಹಂಗಿಲ್ಲ. ಪದಪಟ್ಟಿ ಹಾಗಲ್ಲ: ಇಂಗ್ಲಿಷ್ ಪಟ್ಟಿಯ ತರಕಾರಿ, ಪ್ರಾಣಿ, ವಾಹನಗಳನ್ನು ಒಂದಕ್ಕೊಂದು ಬದಲಿಸಿದರೆ ಪದದ ಉದ್ದ, ಬಳಕೆ, ಪರಿಚಯ ಎಲ್ಲ ಏರುಪೇರಾಗುತ್ತವೆ. ಹೊಸ ಪಟ್ಟಿಯನ್ನು ಮೊದಲು ಕನ್ನಡ ಬಲ್ಲ ಆರೋಗ್ಯವಂತರ ಮೇಲೆ ನಡೆಸಿ, ಇಷ್ಟು ವಯಸ್ಸಿನ, ಇಷ್ಟು ಓದಿದವರಿಗೆ ಇಷ್ಟು ಸಹಜ ಎಂಬ ಲೆಕ್ಕ ಕಟ್ಟಬೇಕು. ಬೈಕಾಮ್ಸ್ ತಜ್ಞರು ಪ್ರತಿ ಭಾಷೆಯಲ್ಲೂ ಕನಿಷ್ಠ 65 ಆರೋಗ್ಯವಂತರನ್ನು ಪರೀಕ್ಷಿಸಲು ಹೇಳಿದ್ದಾರೆ. ಕನ್ನಡಕ್ಕೆ ಈ ಕೆಲಸ ಹೊಸದೇನಲ್ಲ. ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ 1934ರಲ್ಲೇ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ವರದಿ ಮಾಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ 2004ರಲ್ಲಿ ಪ್ರಕಟಿಸಿದ ನರಮನೋವಿಜ್ಞಾನ ಪರೀಕ್ಷಾಮಾಲೆ ವಯಸ್ಸು, ಲಿಂಗ, ಶಿಕ್ಷಣಕ್ಕೆ ತಕ್ಕ ಭಾರತೀಯ ಮಾನದಂಡಗಳನ್ನು ಒದಗಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮರೆವಿನ ಕಾಯಿಲೆಗಳಿಗಾಗಿ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಐದು ಭಾಷೆಗಳಲ್ಲಿದೆ. ಕನ್ನಡ ಅವುಗಳಲ್ಲಿ ಒಂದು.

ಅಮೆರಿಕದ ಎಂ.ಎಸ್. ಸಂಘದ ಬೆಂಬಲದಿಂದ 2018ರಲ್ಲಿ ಪ್ರಕಟವಾದ ಶಿಫಾರಸುಗಳ ಪ್ರಕಾರ, ಎಂಟು ವರ್ಷ ವಯಸ್ಸು ದಾಟಿದ ಪ್ರತಿ ಎಂ.ಎಸ್. ರೋಗಿಗೂ ಕಾಯಿಲೆ ಸ್ಥಿರವಾಗಿರುವಾಗ ಒಮ್ಮೆ ಎಸ್.ಡಿ.ಎಂ.ಟಿ. ಅಥವಾ ಅಂಥದೇ ಪರೀಕ್ಷೆ ಮಾಡಿ ಅಂಕ ಬರೆದಿಟ್ಟುಕೊಳ್ಳಬೇಕು. ಆಮೇಲೆ ವರ್ಷಕ್ಕೊಮ್ಮೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಎಸ್.ಡಿ.ಎಂ.ಟಿ.ಯಲ್ಲಿ ನಾಲ್ಕು ಅಂಕದ ಇಳಿಕೆಯನ್ನು ತಜ್ಞರು ಗಮನಿಸಲೇಬೇಕಾದ ಬದಲಾವಣೆ ಎಂದು ಪರಿಗಣಿಸುತ್ತಾರೆ.